ಹಳೆಯ ಸೈಕಲ್ ಗಾಲಿಗೆ ಹೊಸ ಬಿಡಿಭಾಗ: ಅಳತೆ ತಪ್ಪಿದರೆ ಅಪಾಯ

ಅಜ್ಜನ ಕಾಲದ ರ‍್ಯಾಲಿ ಅಥವಾ ಹರ್ಕ್ಯುಲಿಸ್ ಸೈಕಲ್ಲನ್ನು ದುರಸ್ತಿ ಮಾಡಿಸಿ ಮತ್ತೆ ರಸ್ತೆಗಿಳಿಸಬೇಕೆಂಬ ಆಸೆ ಅನೇಕರಲ್ಲಿದೆ. ಇಂತಹ ಸೈಕಲ್‌ಗಳ ಚೌಕಟ್ಟು ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ಸವೆದು, ತುಕ್ಕು ಹಿಡಿದು ಕೈಕೊಡುವುದು ಗಾಲಿಗಳು. ಅವುಗಳಿಗೆ ಹಾಕುವ ಬಿಡಿಭಾಗದ ಅಳತೆ ತಪ್ಪಿದರೆ ಹಳೆಯ ಹಬ್ ಶಾಶ್ವತವಾಗಿ ಹಾಳಾಗಬಹುದು. ಓಡುತ್ತಿರುವಾಗಲೇ ಟಯರ್ ಕಳಚಿ ಸವಾರನು ಬೀಳಲೂಬಹುದು.

ಭಾರತದ ಹಳೆಯ ಸೈಕಲ್‌ಗಳ ಮೂಲ ಮಾದರಿ ಇಂಗ್ಲೆಂಡಿನದು. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್ ಸಂಸ್ಥೆ ಆರಂಭವಾದಾಗಲೂ ಇಂಚಿನ ಲೆಕ್ಕದ ಬ್ರಿಟಿಷ್ ಅಳತೆಗಳೇ ಮುಂದುವರಿದವು. ಮಿಲಿಮೀಟರ್ ಲೆಕ್ಕದ ಇಂದಿನ ಭಾಗಗಳು ಇವುಗಳಿಗೆ ಹೊಂದದಿರುವುದಕ್ಕೆ ಇದೇ ಮುಖ್ಯ ಕಾರಣ.

ರಿಮ್ ಮತ್ತು ಟಯರ್

'28 ಇಂಚು' ಎಂಬ ಮಾತನ್ನಷ್ಟೇ ನಂಬಿ ಟಯರ್ ಕೊಳ್ಳಬಾರದು. ಹಳೆಯ ದೊಡ್ಡ ಸೈಕಲ್ಲಿನ 28 x 1½ ಟಯರ್ ಕೂರುವ ರಿಮ್ಮಿನ ವ್ಯಾಸ 635 ಮಿ.ಮೀ. ಇಂದಿನ 700ಸಿ ಗಾಲಿಯನ್ನೂ 28 ಇಂಚು ಎಂದೇ ಕರೆಯುವುದುಂಟು. ಆದರೆ ಅದರ ವ್ಯಾಸ 622 ಮಿ.ಮೀ. ಮಾತ್ರ. 26 ಇಂಚಿನಲ್ಲಿಯೂ ಇದೇ ಗೊಂದಲವಿದೆ. 26 x 1⅜ ಗಾಲಿಯದು 590 ಮಿ.ಮೀ., ಮೌಂಟನ್ ಬೈಕಿನದು 559 ಮಿ.ಮೀ. ಟಯರಿನ ಬದಿಯಲ್ಲಿ ಮುದ್ರಿತವಾದ 40-635ರಂತಹ ಸಂಖ್ಯೆಯನ್ನು ನೋಡಿಯೇ ಕೊಳ್ಳುವುದು ಕ್ಷೇಮ. 28 x 1½ ಟಯರ್‌ಗಳು ಭಾರತದಲ್ಲಿ ಇಂದಿಗೂ ತಯಾರಾಗುತ್ತಿರುವುದು ಹಳೆಯ ಸೈಕಲ್ ಉಳ್ಳವರ ಅದೃಷ್ಟ.

ರಿಮ್ ಬದಲಿಸುವಾಗ ಬ್ರೇಕನ್ನು ಗಮನಿಸಬೇಕು. ರಾಡ್ ಬ್ರೇಕಿನ ರಬ್ಬರ್ ರಿಮ್ಮಿನ ಪಕ್ಕಗಳನ್ನಲ್ಲ, ಹಬ್ಬಿನ ಕಡೆಗಿರುವ ಒಳಮೈಯನ್ನು ಒತ್ತುತ್ತದೆ. ಇದಕ್ಕೆ ತಕ್ಕಂತೆ ರೂಪಿಸಿದ್ದು ವೆಸ್ಟ್‌ವುಡ್ ಮಾದರಿಯ ರಿಮ್. ಚಪ್ಪಟೆ ಬದಿಯ ಹೊಸ ರಿಮ್ ಹಾಕಿದರೆ ರಬ್ಬರ್ ಸರಿಯಾಗಿ ಕೂರದೆ ಬ್ರೇಕ್ ಹಿಡಿಯುವುದಿಲ್ಲ.

ಕಡ್ಡಿಗಳ ಲೆಕ್ಕ

ಬ್ರಿಟಿಷ್ ಪದ್ಧತಿಯಂತೆ ಮುಂದಿನ ಗಾಲಿಗೆ 32, ಹಿಂದಿನ ಗಾಲಿಗೆ 40 ಕಡ್ಡಿಗಳು. ಹೆಚ್ಚು ಭಾರ ಬೀಳುವುದು ಹಿಂದಿನ ಗಾಲಿಯ ಮೇಲೆ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ನಂತರ ಎರಡಕ್ಕೂ 36 ಕಡ್ಡಿಗಳ ರೂಢಿ ವ್ಯಾಪಕವಾಯಿತು. ಹಬ್ ಮತ್ತು ರಿಮ್ಮಿನ ತೂತುಗಳ ಸಂಖ್ಯೆ ಒಂದೇ ಆಗಿರಬೇಕಾದ್ದರಿಂದ ಕೊಳ್ಳುವ ಮೊದಲು ಎಣಿಸಬೇಕು. ಹೊಸ ಕಡ್ಡಿಯ ಉದ್ದವನ್ನೂ ದಪ್ಪವನ್ನೂ ಹಳೆಯದರೊಂದಿಗೆ ಹೋಲಿಸಬೇಕು. ಉದ್ದ ಹೆಚ್ಚಾದ ಕಡ್ಡಿ ನಿಪ್ಪಲ್ ದಾಟಿ ಟ್ಯೂಬನ್ನು ಚುಚ್ಚುತ್ತದೆ. ಬೆಂಡ್ ತೆಗೆಯುವ ಹಿಂದಿನ ದಿನವೇ ತುಕ್ಕು ಹಿಡಿದ ನಿಪ್ಪಲ್‌ಗಳಿಗೆ ಎಣ್ಣೆ ಬಿಟ್ಟರೆ ಕಡ್ಡಿ ಮುರಿಯುವುದು ತಪ್ಪುತ್ತದೆ.

ಆಕ್ಸಲ್, ಕೋನ್ ಮತ್ತು ಬಾಲ್ಸ್

ಹೆಚ್ಚಿನ ಹಾನಿ ಆಗುವುದು ಇಲ್ಲಿಯೇ. ಬ್ರಿಟಿಷ್ ಮಾದರಿಯ ಮುಂದಿನ ಆಕ್ಸಲ್ 5/16 ಇಂಚು, ಹಿಂದಿನದು 3/8 ಇಂಚು ದಪ್ಪ. ಎರಡರಲ್ಲೂ ಇಂಚಿಗೆ 26 ಥ್ರೆಡ್. ಅಷ್ಟೇ ದಪ್ಪವಿದ್ದು ಇಂಚಿಗೆ 24 ಥ್ರೆಡ್ ಇರುವ ಆಕ್ಸಲ್‌ಗಳೂ ಇವೆ. ಅಂತಹುದಕ್ಕೆ ಹಳೆಯ ನಟ್ ಹಾಕಿದರೆ ಒಂದೆರಡು ಸುತ್ತು ಹೋಗಿ ನಿಲ್ಲುತ್ತದೆ. ಆಗ ಸ್ಪ್ಯಾನರ್ ಹಾಕಿ ಬಲವಂತವಾಗಿ ತಿರುಗಿಸಿದರೆ ಎರಡೂ ಹಾಳು. ಕೈಬೆರಳಿನಿಂದಲೇ ಸುಲಭವಾಗಿ ತಿರುಗುವ ನಟ್ ಮಾತ್ರ ಸರಿಯಾದುದು.

ಬಾಲ್ಸ್ ಸಾಮಾನ್ಯವಾಗಿ ಮುಂದೆ 3/16, ಹಿಂದೆ 1/4 ಇಂಚಿನವು. ಸವೆದವುಗಳ ನಡುವೆ ಹೊಸದನ್ನು ಬೆರೆಸಿದರೆ ತುಸು ದೊಡ್ಡದಾದ ಹೊಸ ಬಾಲ್ಸ್ ಮೇಲೆಯೇ ಭಾರವೆಲ್ಲ ಬಿದ್ದು ಕೋನ್‌ನಲ್ಲಿ ಗುಳಿ ಬೀಳುತ್ತದೆ. ಆದ್ದರಿಂದ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು. ಕೋನ್ ಬಿಗಿದ ನಂತರ ಗಾಲಿ ಅಲುಗಾಡಬಾರದು, ತಿರುಗಲು ತಡೆಯೂ ಇರಬಾರದು.

ಹಳೆಯ ಭಾಗ ಎಸೆಯದಿರಿ

ಅಟ್ಲಾಸ್ ಸಂಸ್ಥೆಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್‌ನಲ್ಲಿ ಉತ್ಪಾದನೆ ನಿಲ್ಲಿಸಿತು. ಹಳೆಯ ಹೆಸರುಗಳು ಹೀಗೆ ಮರೆಯಾದಂತೆ ಮೂಲ ಭಾಗಗಳೂ ವಿರಳವಾಗುತ್ತವೆ. ಸ್ಟರ್ಮಿ-ಆರ್ಚರ್ ಗೇರ್ ಹಬ್‌ಗಳ ಹೊರಮೈಯಲ್ಲಿ ಹೆಚ್ಚಾಗಿ ತಯಾರಾದ ವರ್ಷ ಅಚ್ಚಾಗಿರುತ್ತದೆ. ಹಬ್ ಬದಲಾದರೆ ಸೈಕಲ್ಲಿನ ವಯಸ್ಸು ತಿಳಿಸುವ ಆ ಗುರುತೂ ಹೋಗುತ್ತದೆ. ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಚೀಟಿ ಅಂಟಿಸಿ ತೆಗೆದಿಡಿ. ಅಂಗಡಿಗೆ ಹೋಗುವಾಗ ಬಾಯಿಮಾತಿನ ಅಳತೆಗಿಂತ ಆ ಹಳೆಯ ಭಾಗವನ್ನೇ ಒಯ್ಯುವುದು ಉತ್ತಮ.