ಕೂಸು ಮಣ್ಣು ತಿಂದರೆ ತಪ್ಪು ಯಾರದು?

ಅಂಗಳದಲ್ಲಿ ಗದ್ದಲ ಮಾಡುತ್ತಾ ಆಡುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಸುಮ್ಮನಾಯಿತೆಂದರೆ ಅನುಭವಸ್ಥ ಅಜ್ಜಿಯಂದಿರಿಗೆ ಮೊದಲು ಬರುವುದು ಸಂಶಯ. ಹತ್ತಿರ ಹೋಗಿ ಗದ್ದ ಹಿಡಿದು ಬಾಯಿ ತೆರೆಸಿದರೆ ನಾಲಿಗೆಯ ಮೇಲೆ ಮಣ್ಣು. ಗದಗ-ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿ ಈ ದೃಶ್ಯ ಹೊಸದಲ್ಲ. "ಮಣ್ಣ ತಿನಬ್ಯಾಡ, ಹೊಟ್ಯಾಗ ಹುಳ ಆಗ್ತಾವ" ಎಂಬ ಗದರಿಕೆಯೂ ಹೊಸದಲ್ಲ. ಗದರಿಕೆಗೆ ಬಗ್ಗದಿದ್ದರೆ ಬೆನ್ನಿಗೊಂದು ಏಟು. ಅದಕ್ಕೂ ಬಗ್ಗದಿದ್ದರೆ ಕೂಸು ಕಲಿಯುವುದು ಒಂದೇ ಪಾಠ: ಯಾರೂ ನೋಡದಾಗ ತಿನ್ನಬೇಕು.

ಮಣ್ಣು, ಗೋಡೆಯ ಸುಣ್ಣ, ಒಲೆಯ ಬೂದಿ, ಇದ್ದಿಲು, ಶಾಲೆಗೆ ಸೇರಿದ ಮೇಲೆ ಬಳಪ. ಇದರ ಜೊತೆಗೆ ಮೂಗಿನಲ್ಲಿ ಬೆರಳು, ಬಾಯಿಯಲ್ಲಿ ಹೆಬ್ಬೆರಳು, ಹಲ್ಲಿನ ಸಂದಿಯಲ್ಲಿ ಉಗುರು. ದೊಡ್ಡವರ ದೃಷ್ಟಿಯಲ್ಲಿ ಇವೆಲ್ಲ ಒಂದೇ ಪಟ್ಟಿಗೆ ಸೇರಿದ 'ಹೊಲಸು ಚಾಳಿ'ಗಳು. ಆದರೆ ಇತಿಹಾಸ ಕೆದಕಿ ನೋಡಿದರೆ ಇವುಗಳಲ್ಲಿ ಕೆಲವು ಬರೀ ಚಾಳಿಗಳು, ಒಂದು ಮಾತ್ರ ಬೇರೆಯದೇ ಕಥೆ ಎಂದು ತಿಳಿಯುತ್ತದೆ. ಆ ಒಂದು ಮಣ್ಣು ತಿನ್ನುವುದು.

ಮಣ್ಣು ತಿಂದ ಮಕ್ಕಳಲ್ಲಿ ಅತ್ಯಂತ ಪ್ರಸಿದ್ಧನಾದವನು ಶ್ರೀಕೃಷ್ಣ. ಭಾಗವತದ ದಶಮ ಸ್ಕಂಧದಲ್ಲಿ ಬರುವ ಆ ಪ್ರಸಂಗವನ್ನು ಕೇಳದ ಕನ್ನಡಿಗರಿಲ್ಲ. ತಾಯಿಯ ಕಣ್ಣಿಗೆ ಬಾಯಿಯೊಳಗೆ ಬ್ರಹ್ಮಾಂಡವೇ ಕಂಡಿತೆಂಬುದನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ. ಅದಕ್ಕೂ ಮುಂಚಿನ ಭಾಗವನ್ನು ಮರೆಯುತ್ತೇವೆ. ಚಾಡಿ ಹೇಳುವವರು ಅಣ್ಣ ಬಲರಾಮ ಮತ್ತು ಓರಗೆಯ ಹುಡುಗರು. ತಾಯಿ ಕೈ ಹಿಡಿದು ಗದರಿಸುತ್ತಾಳೆ. ಹೆದರಿದ ಕಣ್ಣಿನ ಹುಡುಗ ತಾನು ತಿಂದೇ ಇಲ್ಲ, ಇವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಎನ್ನುತ್ತಾನೆ. ದೇವರ ಕಥೆಯೆಂಬುದನ್ನು ಒಂದು ಗಳಿಗೆ ಬದಿಗಿಟ್ಟರೆ ಇದು ಯಾವ ಮನೆಯಲ್ಲೂ ನಡೆಯುವ ವಿಚಾರಣೆಯೇ.

ಇದೇ ಮಣ್ಣು ಬಸುರಿಯ ಬಾಯಿ ಸೇರಿದರೆ ಮಾತ್ರ ಅದಕ್ಕೆ 'ಬಯಕೆ' ಎಂಬ ಗೌರವದ ಹೆಸರು. ಕಾಳಿದಾಸನ 'ರಘುವಂಶ'ದ ಮೂರನೆಯ ಸರ್ಗದಲ್ಲಿ ದಿಲೀಪನ ರಾಣಿ ಸುದಕ್ಷಿಣೆ ಗರ್ಭಿಣಿಯಾಗಿದ್ದಾಗ ಮಣ್ಣು ತಿನ್ನುತ್ತಾಳೆ. ಆಕೆಯ ಮುಖದ ಮಣ್ಣಿನ ವಾಸನೆಯನ್ನು ರಾಜ ಎಷ್ಟು ಆಘ್ರಾಣಿಸಿದರೂ ತೃಪ್ತನಾಗುವುದಿಲ್ಲ. ಹುಟ್ಟಲಿರುವ ಮಗ ಮುಂದೆ ಭೂಮಿಯನ್ನೆಲ್ಲ ಆಳುವವನಾದ್ದರಿಂದ ತಾಯಿಗೆ ಮಣ್ಣಿನ ಮೇಲೆ ಮನಸ್ಸಾಯಿತು ಎಂಬುದು ಕವಿಯ ಕಲ್ಪನೆ. ಇಂದಿನ ವೈದ್ಯರು ಆಕೆಯ ರಕ್ತ ಪರೀಕ್ಷೆ ಮಾಡಿಸುತ್ತಿದ್ದರು.

ಕವಿಗಳು ಹೀಗೆ ಕಲ್ಪಿಸುತ್ತಿದ್ದ ಕಾಲದಲ್ಲಿ ವೈದ್ಯರು ಸುಮ್ಮನಿರಲಿಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 16ನೆಯ ಅಧ್ಯಾಯ ಪಾಂಡುರೋಗಕ್ಕೆ ಮೀಸಲು. ಪಾಂಡು ಎಂದರೆ ಬಿಳಿಚಿಕೊಳ್ಳುವುದು, ಇಂದಿನ ಮಾತಿನಲ್ಲಿ ಬಹುಮಟ್ಟಿಗೆ ರಕ್ತಹೀನತೆ. ವಾತ, ಪಿತ್ತ, ಕಫ, ಮೂರೂ ಕೂಡಿದ ಸನ್ನಿಪಾತ ಎಂದು ನಾಲ್ಕು ಬಗೆ ಹೇಳಿ, ಐದನೆಯದಾಗಿ ಮಣ್ಣು ತಿನ್ನುವುದರಿಂದ ಬರುವ ಪಾಂಡುವನ್ನೇ ಪ್ರತ್ಯೇಕವಾಗಿ ಎಣಿಸಲಾಗಿದೆ. ಒಗರು ಮಣ್ಣು ವಾತವನ್ನೂ, ಉಪ್ಪುಸವಳು ಮಣ್ಣು ಪಿತ್ತವನ್ನೂ, ಸಿಹಿ ಮಣ್ಣು ಕಫವನ್ನೂ ಕೆರಳಿಸುತ್ತದೆಯಂತೆ. ಮಣ್ಣಿಗೂ ರುಚಿಭೇದ ಉಂಟೆಂದು ಗುರುತಿಸಿದವರು ಅದನ್ನು ತಿನ್ನುವವರ ಮಾತನ್ನು ಕಿವಿಗೊಟ್ಟು ಕೇಳಿದ್ದಿರಬೇಕು. ಒಳಗೆ ಹೋದ ಮಣ್ಣು ಪಚನವಾಗದೆ ದೇಹದ ಸ್ರೋತಸ್ಸುಗಳನ್ನು ಮುಚ್ಚುತ್ತದೆ. ಬಲ, ಕಾಂತಿ, ಹಸಿವು ಕುಗ್ಗುತ್ತವೆ. ಕೆನ್ನೆ, ಕಣ್ಣಿನ ಸುತ್ತ, ಹುಬ್ಬು, ಪಾದ ಊದಿಕೊಳ್ಳುತ್ತವೆ. ಹೊಟ್ಟೆಯಲ್ಲಿ ಹುಳುವಾಗಿ, ರಕ್ತ ಮತ್ತು ಕಫ ಬೆರೆತ ಭೇದಿಯಾಗುತ್ತದೆ. ಒಂದೂವರೆ ಸಾವಿರ ವರ್ಷಕ್ಕೂ ಹಿಂದಿನ ಈ ವರ್ಣನೆಯಲ್ಲಿ ಮಣ್ಣು, ಹುಳು, ಬಿಳಿಚಿದ ಮೈ ಮೂರೂ ಒಟ್ಟಿಗೆ ನಿಂತಿವೆ. ಅಜ್ಜಿಯ ಗದರಿಕೆಯ ಬೇರು ಬಹಳ ಆಳದ್ದು.

ಚಿಕಿತ್ಸೆಯಂತೂ ಇನ್ನೂ ಸ್ವಾರಸ್ಯ. ಮೊದಲು ತೀಕ್ಷ್ಣವಾದ ಔಷಧದಿಂದ ಹೊಟ್ಟೆಯೊಳಗಿನ ಮಣ್ಣನ್ನು ಹೊರಗೆ ಹಾಕಿಸಬೇಕು. ಆಮೇಲೆ ಬಲ ಬರಲು ಔಷಧ ಸಿದ್ಧಪಡಿಸಿದ ತುಪ್ಪ ಕೊಡಬೇಕು. ಇಷ್ಟಾದರೂ ರೋಗಿ ಆಸೆ ಬಿಡಲಾರದೆ ಮಣ್ಣಿಗೇ ಕೈ ಹಾಕಿದರೆ? ಕೊಡಿ, ತಿನ್ನಲಿ ಎನ್ನುತ್ತದೆ ಗ್ರಂಥ! ಆದರೆ ಆ ಮಣ್ಣನ್ನು ವಾಯುವಿಳಂಗ, ಏಲಕ್ಕಿ, ಅತಿವಿಷ, ಬೇವಿನೆಲೆ, ಕಟುಕರೋಹಿಣಿ, ಕೊಡಸಿಗೆ ಮುಂತಾದವುಗಳ ರಸದಲ್ಲಿ ನೆನೆಸಿ ಒಣಗಿಸಿರಬೇಕು. ತಿಂದವನಿಗೆ ಕಹಿಯಿಂದ ಮಣ್ಣಿನ ಮೇಲೆ ಜಿಗುಪ್ಸೆಯೂ ಹುಟ್ಟಬೇಕು, ಜೊತೆಗೆ ಹುಳುವಿಗೆ ಮದ್ದೂ ಆಗಬೇಕು. ಹೊಡೆಯಿರಿ, ಕಟ್ಟಿಹಾಕಿರಿ ಎಂಬ ಮಾತು ಇಲ್ಲಿಲ್ಲ. ಹೆಬ್ಬೆರಳು ಚೀಪುವ ಕೂಸಿನ ಬೆರಳಿಗೆ ಬೇವಿನ ರಸ ಸವರುವ ನಮ್ಮ ತಾಯಂದಿರ ಉಪಾಯ ಇದರ ದೂರದ ಸಂಬಂಧಿ ಎನ್ನಬಹುದು.

ಕನ್ನಡದಲ್ಲೂ ವೈದ್ಯಗ್ರಂಥಗಳಿಗೆ ಕೊರತೆ ಇರಲಿಲ್ಲ. ದೇವೇಂದ್ರಮುನಿಯ 'ಬಾಲಗ್ರಹ ಚಿಕಿತ್ಸೆ' ಸುಮಾರು 1200ರದು. ಹೆಸರೇ ಹೇಳುವಂತೆ, ಮಕ್ಕಳ ಕಾಯಿಲೆಗಳನ್ನು ಮಗುವನ್ನು ಹಿಡಿದ ಗ್ರಹಗಳ ಲೆಕ್ಕದಲ್ಲಿ ನೋಡುವ ಸಂಪ್ರದಾಯ ಅದು. ಅದಕ್ಕಿಂತ ಮುಂಚೆ, ಸುಮಾರು 1125ರಲ್ಲಿ, ಚಾಲುಕ್ಯ ರಾಜಮನೆತನದ ಕೀರ್ತಿವರ್ಮ ಬರೆದದ್ದು 'ಗೋವೈದ್ಯ'. ಇಂದಿನ ಲಕ್ಷ್ಮೇಶ್ವರವಾದ ಪುಲಿಗೆರೆ ಮುನ್ನೂರು, ಗದಗದ ಸುತ್ತಣ ಬೆಳ್ವೊಲ ಮುನ್ನೂರು ಎರಡೂ ಆಗ ಆ ಮನೆತನದ ಆಳ್ವಿಕೆಯಲ್ಲಿದ್ದವು. ಕೂಸಿನ ವೈದ್ಯಕ್ಕಿಂತ ಆಕಳ ವೈದ್ಯ ಮುಂಚೆ ಬಂತೇ ಎಂದು ನಗಬೇಕಾಗಿಲ್ಲ. ಈ ವಿಷಯದಲ್ಲಿ ದನ ಕಟ್ಟಿದವರಿಂದ ಕಲಿಯುವುದು ಬಹಳಷ್ಟಿದೆ. ಆಕಳು ಎಲುಬು ಕಡಿಯತೊಡಗಿದರೆ, ಅರಿವೆ ಅಗಿದರೆ, ಗೋಡೆ ನೆಕ್ಕಿದರೆ ಒಕ್ಕಲಿಗ ಅದಕ್ಕೆ ಹೊಲಸು ಚಾಳಿ ಎಂದು ಬಡಿಯುವುದಿಲ್ಲ. ಅದರ ಮೈಗೆ ಏನೋ ಕಡಿಮೆಯಾಗಿದೆ ಎಂದುಕೊಂಡು ಉಪ್ಪು ಇಡುತ್ತಾನೆ. ದಕ್ಷಿಣ ಆಫ್ರಿಕದಲ್ಲಿ ಪಶುವೈದ್ಯ ಆರ್ನಾಲ್ಡ್ ಥೈಲರ್ ಇದನ್ನೇ 1920ರ ಸುಮಾರಿಗೆ ಪ್ರಯೋಗದಿಂದ ಸಾಬೀತುಪಡಿಸಿದ. ಅಲ್ಲಿನ ದನಗಳು ಸತ್ತ ಪ್ರಾಣಿಗಳ ಎಲುಬು ತಿಂದು ಸಾಯುತ್ತಿದ್ದವು. ಹುಲ್ಲಿನಲ್ಲಿ ರಂಜಕದ ಅಂಶ ಕಡಿಮೆಯಿದ್ದುದೇ ಮೂಲ ಕಾರಣ. ಎಲುಬಿನ ಪುಡಿ ಕೊಟ್ಟ ಮೇಲೆ ದನಗಳು ಎಲುಬಿನ ಆಸೆ ಬಿಟ್ಟವು.

ಆಕಳಿಗೆ ಸಿಕ್ಕ ಈ ನ್ಯಾಯ ಮನುಷ್ಯರಿಗೆ ಬೇಗ ಸಿಗಲಿಲ್ಲ. ವೆಸ್ಟ್ ಇಂಡೀಸ್ ಮತ್ತು ಬ್ರೆಜಿಲ್‌ನ ತೋಟಗಳಲ್ಲಿ ಆಫ್ರಿಕದಿಂದ ಹಿಡಿದು ತಂದ ಗುಲಾಮರು ಮಣ್ಣು ತಿನ್ನುತ್ತಿದ್ದರು. ಬಿಳಿಚಿ, ಊದಿ, ಕೆಲಸ ಮಾಡಲಾರದೆ ಸಾಯುತ್ತಿದ್ದರು. ತೋಟದ ಒಡೆಯರು ಕಂಡುಹಿಡಿದ ಮದ್ದು ಬಾಯಿಗೆ ಬೀಗ ಹಾಕುವ ಲೋಹದ ಮುಖವಾಡ. ಅಮೆರಿಕದ ದಕ್ಷಿಣ ರಾಜ್ಯಗಳ ಬಡ ಬಿಳಿಯರಿಗೂ 'ಮಣ್ಣು ತಿನ್ನುವವರು' ಎಂಬ ಬೈಗುಳವಿತ್ತು. ಅವರು ಹುಟ್ಟಾ ಸೋಮಾರಿಗಳೆಂದೇ ಹೆಸರಾಗಿದ್ದರು. 1902ರಲ್ಲಿ ಚಾರ್ಲ್ಸ್ ಸ್ಟೈಲ್ಸ್ ಎಂಬ ವಿಜ್ಞಾನಿ ಆ ಸೋಮಾರಿತನದ ಮೂಲ ಕೊಕ್ಕೆಹುಳು ಎಂದು ತೋರಿಸಿದ. 1909ರಲ್ಲಿ ರಾಕ್‌ಫೆಲರ್ ಹಣದಿಂದ ಅದರ ವಿರುದ್ಧ ದೊಡ್ಡ ಆಂದೋಲನವೇ ಶುರುವಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಣ್ಣು ತಿಂದರೆ ಹೊಟ್ಟೆ ಸೇರುವುದು ಮುಖ್ಯವಾಗಿ ಜಂತುಹುಳುವಿನ ತತ್ತಿ. ಕೊಕ್ಕೆಹುಳು ಬರುವುದು ಹೆಚ್ಚಾಗಿ ಬರಿಗಾಲಿನ ಚರ್ಮದ ಮೂಲಕ. ಬಯಲು ಕಡೆಗೆ ಹೋಗುವ ಜಾಗದ ಹಸಿ ಮಣ್ಣೇ ಅದರ ತವರು. ಅದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ರಕ್ತದ ಜೊತೆ ಕಬ್ಬಿಣಾಂಶ ಹೋಗುತ್ತದೆ. ಕಬ್ಬಿಣಾಂಶ ಕುಗ್ಗಿದವರಲ್ಲಿ ಮಣ್ಣು, ಸುಣ್ಣ, ಬಳಪದ ಆಸೆ ಹುಟ್ಟುವುದನ್ನು ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಮಣ್ಣು ತಿಂದಾಗ ಮತ್ತಷ್ಟು ಹುಳು. ಗಾಣದ ಎತ್ತಿನಂತೆ ಸುತ್ತುವ ಈ ಚಕ್ರದಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಏಟಿನಿಂದ ಈ ಚಕ್ರ ನಿಲ್ಲುವುದಿಲ್ಲ ಎಂಬುದಂತೂ ಸ್ಪಷ್ಟ.

ಮಣ್ಣಿನಲ್ಲೂ ಕಬ್ಬಿಣವಿದೆಯಲ್ಲ, ತಿಂದರೆ ಒಳ್ಳೆಯದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ನಮ್ಮ ಭಾಗದಲ್ಲಿ ಈ ಪ್ರಶ್ನೆ ಸಹಜ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಿಗೆ ಹಬ್ಬಿದ, 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡದ ಒಡಲಲ್ಲಿ ಕಬ್ಬಿಣದ ಅದಿರಿದೆ. ಮಸಾರಿ ಮಣ್ಣು ಕೆಂಪಗಿರುವುದೇ ಕಬ್ಬಿಣದ ತುಕ್ಕಿನಿಂದ. ವಿಪರ್ಯಾಸವೆಂದರೆ, ಕೂಸಿನ ಕರುಳು ಆ ಕಬ್ಬಿಣವನ್ನು ಹೀರಿಕೊಳ್ಳಲಾರದು. ಅದಿರು ತಿಂದು ಯಾರಿಗೂ ರಕ್ತವಾಗದು. ಸಾಲದ್ದಕ್ಕೆ ಕೆಲವು ಬಗೆಯ ಜೇಡಿಮಣ್ಣು ಊಟದಲ್ಲಿನ ಕಬ್ಬಿಣವನ್ನೂ ತನಗೇ ಅಂಟಿಸಿಕೊಂಡು ಹೊರಗೆ ಒಯ್ಯುತ್ತದೆ. ಟರ್ಕಿಯ ಮಣ್ಣಿನ ಮೇಲೆ ನಡೆದು 1968ರಲ್ಲಿ ಪ್ರಕಟವಾದ ಸಂಶೋಧನೆ ಇದನ್ನು ತೋರಿಸಿತು.

ಮಣ್ಣಿನ ಕಥೆಯಲ್ಲಿ ಭಾರತೀಯ ವೈದ್ಯರೊಬ್ಬರ ದೊಡ್ಡ ಪಾಲಿದೆ. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್ ನಗರದಲ್ಲಿದ್ದಾಗ 21 ವರ್ಷದ ಯುವಕನೊಬ್ಬನನ್ನು ಪರೀಕ್ಷಿಸಿದರು. ನೋಡಲು ಹತ್ತು ವರ್ಷದ ಹುಡುಗನಂತಿದ್ದ ಆತ ತೀವ್ರ ರಕ್ತಹೀನತೆಯಿಂದ ಬಳಲುತ್ತಿದ್ದ. ದಿನಕ್ಕೆ ಸುಮಾರು ಅರ್ಧ ಕಿಲೋ ಮಣ್ಣು ತಿನ್ನುತ್ತಿದ್ದ. ಊಟವೆಂದರೆ ಬಹುತೇಕ ಬರೀ ರೊಟ್ಟಿ. ಅಂಥವರೇ ಇನ್ನೂ ಹತ್ತು ಮಂದಿ ಸಿಕ್ಕರು. 1961ರಲ್ಲಿ ಪ್ರಸಾದ್ ಮತ್ತು ಜೊತೆಗಾರರು ಈ ವಿವರ ಪ್ರಕಟಿಸಿದರು. ಕಬ್ಬಿಣದ ಕೊರತೆಯೊಂದೇ ಬೆಳವಣಿಗೆ ನಿಲ್ಲಲು ಕಾರಣವಾಗಲಾರದೆಂದು ಹುಡುಕುತ್ತಾ ಹೋಗಿ, ಈಜಿಪ್ಟಿನಲ್ಲಿ ನಡೆಸಿದ ಅಧ್ಯಯನದಿಂದ 1963ರಲ್ಲಿ ಸತುವಿನ ಕೊರತೆಯನ್ನು ತೋರಿಸಿದರು. ಮನುಷ್ಯನಿಗೆ ಸತು ಅವಶ್ಯವೆಂಬ ತಿಳಿವಳಿಕೆ ಬಂದದ್ದು ಹೀಗೆ, ಮಣ್ಣು ತಿನ್ನುವವನೊಬ್ಬನನ್ನು ಬೈಯದೆ ಪರೀಕ್ಷಿಸಿದ್ದರಿಂದ.

ಇನ್ನು ಮೂಗಿನ ವಿಷಯ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಚಿತ್ತರಂಜನ್ ಅಂದ್ರಾದೆ ಮತ್ತು ಬಿ.ಎಸ್. ಶ್ರೀಹರಿ ನಗರದ ನಾಲ್ಕು ಶಾಲೆಗಳ 200 ಹದಿಹರೆಯದವರನ್ನು ಮೂಗಿನಲ್ಲಿ ಬೆರಳಾಡಿಸುವ ಬಗ್ಗೆ ಪ್ರಶ್ನಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚುಕಡಿಮೆ ಎಲ್ಲರೂ ಒಪ್ಪಿಕೊಂಡರು. ನಡುಮಟ್ಟದ ಲೆಕ್ಕ ದಿನಕ್ಕೆ ನಾಲ್ಕು ಬಾರಿ. ಶೇ. 7.6ರಷ್ಟು ಮಂದಿ ಇಪ್ಪತ್ತಕ್ಕೂ ಹೆಚ್ಚು ಬಾರಿ. ಸುಮಾರು ಶೇ. 17ರಷ್ಟು ಮಂದಿ ಇದು ತಮಗೆ ಗಂಭೀರ ಸಮಸ್ಯೆಯೇ ಆಗಿದೆ ಎಂದರು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಅಮೆರಿಕದಲ್ಲಿ ಕೊಡುವ 'ಇಗ್ ನೊಬೆಲ್' ಅದೇ ವರ್ಷ ಇವರಿಗೆ ಸಂದಿತು. ನಗೆಯನ್ನು ಬಿಟ್ಟು ನೋಡಿದರೆ ಇದರಲ್ಲಿ ತಾಯಂದಿರಿಗೊಂದು ಸಮಾಧಾನವಿದೆ: ಹದಿಹರೆಯದವರೇ ಹೀಗಿರುವಾಗ ಮೂರು ವರ್ಷದ ಕೂಸಿನ ಬೆರಳಿಗೆ ಬರೆ ಹಾಕುವುದು ಯಾವ ನ್ಯಾಯ? ಸಿಂಬಳ ಒಣಗಿ ಕಡಿತವಾದಾಗ ಕೈ ಅಲ್ಲಿಗೆ ಹೋಗುವುದು ಸಹಜ. ಒದ್ದೆ ಅರಿವೆಯಿಂದ ಮೂಗು ಒರೆಸಿ, ಉಗುರು ಚಿಕ್ಕದಾಗಿ ಕತ್ತರಿಸಿ, ಕೈಗೊಂದು ಆಟಿಕೆ ಕೊಟ್ಟರೆ ಅರ್ಧ ಕೆಲಸವಾಯಿತು.

ಹೆಬ್ಬೆರಳಿನ ಮಾತು ಇನ್ನೂ ಚಿಕ್ಕದು. ಅಮೆರಿಕ ಸರ್ಕಾರವೇ 1914ರಲ್ಲಿ ತಾಯಂದಿರಿಗಾಗಿ ಹಂಚಿದ ಪುಸ್ತಿಕೆಯಲ್ಲಿ ಮಗುವಿನ ಅಂಗಿಯ ತೋಳನ್ನು ಕೈ ಮುಚ್ಚುವಂತೆ ಎಳೆದು ಪಿನ್ನು ಹಾಕಿ ಹಗಲುರಾತ್ರಿ ಹಾಗೇ ಇರಿಸಲು ಸಲಹೆಯಿತ್ತು. ಇಂದು ಮಕ್ಕಳ ವೈದ್ಯರು, ಹೆಚ್ಚಿನ ಮಕ್ಕಳು ನಾಲ್ಕು ವರ್ಷದ ಹೊತ್ತಿಗೆ ತಾವಾಗಿಯೇ ಬಿಡುತ್ತಾರೆ, ಅಲ್ಲಿಯತನಕ ಸುಮ್ಮನಿರಿ ಎನ್ನುತ್ತಾರೆ.

ಮಣ್ಣಿನ ವಿಷಯದಲ್ಲಿ ಮಾತ್ರ ಸುಮ್ಮನಿರುವಂತಿಲ್ಲ. ಎರಡು ವರ್ಷದೊಳಗಿನ ಕೂಸು ಕೈಗೆ ಸಿಕ್ಕಿದ್ದೆಲ್ಲ ಬಾಯಿಗಿಡುವುದು ಬೆಳವಣಿಗೆಯ ಭಾಗ. ಅದನ್ನು ದಾಟಿದ ಮೇಲೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಮಣ್ಣು, ಸುಣ್ಣ, ಬಳಪವನ್ನೇ ಹುಡುಕಿ ತಿಂದರೆ ವೈದ್ಯರು ಅದಕ್ಕೆ 'ಪೈಕಾ' ಎನ್ನುತ್ತಾರೆ. ಸಿಕ್ಕಿದ್ದನ್ನೆಲ್ಲ ಕುಕ್ಕುವ ಒಂದು ಹಕ್ಕಿಯ ಲ್ಯಾಟಿನ್ ಹೆಸರದು. ಆಗ ಮಾಡಿಸಬೇಕಾದದ್ದು ರಕ್ತಪರೀಕ್ಷೆ. ಐದು ವರ್ಷದೊಳಗಿನವರಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿ ಈ ಗುಂಪಿನಲ್ಲಿದ್ದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದ್ದದ್ದು ಶೇ. 60.9. ಏರಿದ್ದೇ ಹೊರತು ಇಳಿಯಲಿಲ್ಲ. ಗೋಡೆಯ ಹಳೆಯ ಬಣ್ಣ ಕೆರೆದು ತಿನ್ನುವ ಮಗುವಿಗಂತೂ ಸೀಸದ ವಿಷದ ಭಯವೂ ಇದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ. ಅದಕ್ಕೂ ಮುಂಚೆ ಬಳಿದ ಗೋಡೆಗಳು ಹಾಗೇ ಇವೆ.

ಹುಳುವಿಗೆ ಮದ್ದು ದುಬಾರಿಯಲ್ಲ. 2015ರ ಫೆಬ್ರುವರಿ 10ರಂದು ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಅಲ್ಬೆಂಡಜೋಲ್ ಗುಳಿಗೆಯನ್ನು ಪುಕ್ಕಟೆ ಕೊಡುತ್ತಾರೆ: ಎರಡು ವರ್ಷದೊಳಗಿನವರಿಗೆ ಅರ್ಧ, ಮೇಲಿನವರಿಗೆ ಒಂದು. ಕಬ್ಬಿಣದ ಸಿರಪ್ ಕೂಡ ಸರ್ಕಾರದಿಂದಲೇ ಸಿಗುತ್ತದೆ. ಊಟದ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ಬರೀ ಜೋಳದ ರೊಟ್ಟಿಯಲ್ಲಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾದರೂ, ಅದರೊಡನೆ ಮೊಳಕೆಯ ಮಡಕಿಕಾಳು, ತಪ್ಪಲುಪಲ್ಯ, ಮೇಲೊಂದಿಷ್ಟು ನಿಂಬೆಹುಳಿ ಸೇರಿದರೆ ಲೆಕ್ಕ ಬದಲಾಗುತ್ತದೆ. ಕೂಸಿಗೆ ಚಹಾ ಕುಡಿಸುವ ರೂಢಿ ಮಾತ್ರ ಈ ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಸಿರಪ್ ಶುರುಮಾಡಿದ ಕೆಲವು ದಿನಗಳಲ್ಲೇ, ರಕ್ತ ಇನ್ನೂ ಏರುವ ಮೊದಲೇ, ಮಣ್ಣಿನ ಆಸೆ ತಗ್ಗುವುದನ್ನು ವೈದ್ಯರು ಗಮನಿಸಿದ್ದಾರೆ. ಅದೇ ಹೊತ್ತಿಗೆ ಮಗುವಿನ ಮಲ ಕಪ್ಪಾಗುತ್ತದೆ. ಮದ್ದು ಮೈಗೆ ಆಗಿಬರಲಿಲ್ಲವೆಂದು ಹೆದರಿ ಎಷ್ಟೋ ಮನೆಗಳಲ್ಲಿ ಬಾಟಲಿ ಗೂಡಿನ ಮೂಲೆ ಸೇರುವುದು ಈ ಹಂತದಲ್ಲೇ. ಅದು ಹೀರಿಕೆಯಾಗದೆ ಉಳಿದ ಕಬ್ಬಿಣದ ಬಣ್ಣ ಅಷ್ಟೆ. ಮದ್ದನ್ನು ಹಿಮೋಗ್ಲೋಬಿನ್ ಸರಿಹೋದ ಮೇಲೂ ಎರಡು-ಮೂರು ತಿಂಗಳು ಮುಂದುವರಿಸಬೇಕು.