ಬಾರಕೂರಿನ ಜುಮಾ ಮಸೀದಿ ಮತ್ತು ಕರಾವಳಿಯ ಕಟ್ಟಡ ಪರಂಪರೆ

ಬ್ರಹ್ಮಾವರ ತಾಲ್ಲೂಕಿನಲ್ಲಿ ಸೀತಾನದಿಯ ದಡದ ಬಾರಕೂರು, ಮೊದಲು ಆಳುಪರ ರಾಜಧಾನಿಯಾಗಿಯೂ ಅನಂತರ ವಿಜಯನಗರದ ಬಾರಕೂರು ರಾಜ್ಯದ ಆಡಳಿತ ಕೇಂದ್ರವಾಗಿಯೂ ಮೆರೆದ ಊರು. ಇಲ್ಲಿನ ದೇವಾಲಯಗಳ ಕುರಿತು, ಕತ್ತಲೆ ಬಸದಿಯ ಕುರಿತು ಬಹಳಷ್ಟು ಬರೆಯಲಾಗಿದೆ. ಆದರೆ ಅರಬ್ಬಿ ಸಮುದ್ರದ ವ್ಯಾಪಾರಿಗಳು ‘ಫಾಕನೂರು’ ಎಂದು ಕರೆದ ಈ ಬಂದರಿನ ಮಸೀದಿಯ ಇತಿಹಾಸಕ್ಕೆ ಸಲ್ಲಬೇಕಾದ ಗಮನ ಇನ್ನೂ ಸಂದಿಲ್ಲ.

ಪಶ್ಚಿಮ ಕರಾವಳಿಯ ಮುಸ್ಲಿಮರ ಪರಂಪರಾಗತ ನಂಬಿಕೆಯಂತೆ, ಅರಬ್ ನಾಡಿನಿಂದ ಬಂದ ಧರ್ಮಪ್ರಚಾರಕ ಮಾಲಿಕ್ ದೀನಾರ್ ಮತ್ತು ಅವರ ಸಂಗಡಿಗರು ಕೇರಳದ ಕೊಡುಂಗಲ್ಲೂರಿನಿಂದ ಆರಂಭಿಸಿ ಕಟ್ಟಿಸಿದ ಮಸೀದಿಗಳ ಸಾಲಿನಲ್ಲಿ ಮಂಗಳೂರು, ಕಾಸರಗೋಡುಗಳ ಜೊತೆ ಬಾರಕೂರೂ ಸೇರಿದೆ. ಈ ಕಥನವನ್ನು 16ನೆಯ ಶತಮಾನದ ಕೊನೆಯಲ್ಲಿ ‘ತುಹ್ಫತುಲ್ ಮುಜಾಹಿದೀನ್’ ಎಂಬ ಅರಬ್ಬಿ ಗ್ರಂಥದಲ್ಲಿ ದಾಖಲಿಸಿದ ಪೊನ್ನಾನಿಯ ಶೇಖ್ ಝೈನುದ್ದೀನ್ ಮಖ್ದೂಮರು, ಇದು ಪ್ರವಾದಿಯವರ ಕಾಲದಲ್ಲಿ ನಡೆದದ್ದೆಂಬ ಮಾತನ್ನು ಒಪ್ಪದೆ, ಹಿಜರಿ ಶಕೆಯ ಎರಡು ಶತಮಾನಗಳು ಕಳೆದ ಮೇಲಿನದಾಗಿರಬೇಕೆಂದು ವಿವೇಚಿಸಿದ್ದಾರೆ. ತಮ್ಮ ಸಮುದಾಯದ ಪ್ರೀತಿಯ ಐತಿಹ್ಯವನ್ನೇ ಹೀಗೆ ಪರೀಕ್ಷೆಗೆ ಒಡ್ಡಿದ ಆ ವಿದ್ವಾಂಸರ ನಿಷ್ಠೆ ಇತಿಹಾಸಕಾರರಿಗೆ ಇಂದಿಗೂ ಮಾದರಿಯಾಗಿದೆ.

ಐತಿಹ್ಯದಿಂದ ಖಚಿತ ದಾಖಲೆಗೆ ಬಂದರೆ, 1342ರ ಸುಮಾರಿಗೆ ಈ ದಾರಿಯಲ್ಲಿ ಹಡಗಿನಲ್ಲಿ ಸಾಗಿದ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತನ ಬರಹವೇ ಮುಖ್ಯವಾದುದು. ಈಗಿನ ಕುಂದಾಪುರ ತಾಲ್ಲೂಕಿನ ಬಸರೂರನ್ನು ‘ಅಬೂ ಸರೂರ್’ ಎಂದು ಕರೆದು, ತೆಂಗಿನ ಮರಗಳು ತುಂಬಿದ ಆ ಸಣ್ಣ ಬಂದರಿನ ಮುಸ್ಲಿಮರ ಮುಖ್ಯಸ್ಥ ತನ್ನ ಸಂಪತ್ತನ್ನೆಲ್ಲ ಬಡವರಿಗಾಗಿ ವ್ಯಯಿಸಿದ ಉದಾರಿಯೆಂದು ಅವನು ಹೇಳುತ್ತಾನೆ. ಅಲ್ಲಿಂದ ಎರಡು ದಿನ ಪಯಣಿಸಿ ತಲುಪಿದ ಫಾಕನೂರಿನಲ್ಲಿ, ನ್ಯಾಯ ನಿರ್ಣಯಿಸುವ ಖಾಜಿಯೂ ಶುಕ್ರವಾರದ ಪ್ರವಚನ ನೀಡುವ ಖತೀಬನೂ ಇದ್ದರೆಂದೂ, ಹುಸೇನ್ ಎಂಬ ಮುಖಂಡನು ಜುಮಾ ಮಸೀದಿಯೊಂದನ್ನು, ಅಂದರೆ ಶುಕ್ರವಾರ ಊರ ಮುಸ್ಲಿಮರೆಲ್ಲ ಒಟ್ಟಾಗಿ ನಮಾಜು ಮಾಡುವ ಮಸೀದಿಯನ್ನು ಕಟ್ಟಿಸಿದ್ದನೆಂದೂ ತಿಳಿಸುತ್ತಾನೆ. ಇಲ್ಲಿನ ಅರಸನನ್ನು ‘ಬಾಸದೇವ’ ಎಂದು ಹೆಸರಿಸುವ ಅವನ ಪ್ರಕಾರ, ಆ ಹಿಂದೂ ಅರಸನ ಸುಮಾರು 30 ಯುದ್ಧ ನೌಕೆಗಳ ನಾಯಕನು ಲೂಲಾ ಎಂಬ ಮುಸ್ಲಿಮನಾಗಿದ್ದನು. ಬಂದರು ಸುಂಕ ತಪ್ಪಿಸಿ ಹೋಗುವ ಹಡಗುಗಳನ್ನು ಬೆನ್ನಟ್ಟಿ ಹಿಡಿಯಲಾಗುತ್ತಿತ್ತು. ಆ ಲೂಲಾನನ್ನು ಕಡಲ್ಗಳ್ಳನೆಂದು ಹಳಿಯುವುದಕ್ಕೂ ಯಾತ್ರಿಕನು ಹಿಂಜರಿದಿಲ್ಲ.

ಈ ವಿವರಗಳನ್ನು ಒಟ್ಟಿಗೆ ಇರಿಸಿದಾಗ ಮಸೀದಿಯ ಸ್ಥಾನ ಸ್ಪಷ್ಟವಾಗುತ್ತದೆ. ಅದು ದಂಡಯಾತ್ರೆಯ ಗುರುತಾಗಿರದೆ, ಅರಸನಿಗೆ ಸುಂಕವನ್ನೂ ಊರಿಗೆ ವ್ಯಾಪಾರವನ್ನೂ ತಂದ ಜನರು ಸ್ಥಳೀಯ ಆಳ್ವಿಕೆಯ ಆಶ್ರಯದಲ್ಲಿ ಕಟ್ಟಿಕೊಂಡ ಬಂದರಿನ ಸಂಸ್ಥೆಯಾಗಿತ್ತು. ಕರಾವಳಿಯ ಶಾಸನಗಳಲ್ಲಿ ಕಾಣುವ ‘ಹಂಜಮಾನ’, ಅಂದರೆ ಕಡಲಾಚೆಯಿಂದ ಬಂದು ನೆಲೆಸಿದ ವರ್ತಕರ ಸಂಘ, ಇದೇ ಬಗೆಯ ಬದುಕಿಗೆ ಸಾಕ್ಷಿಯಾಗಿದೆ. ಕರಾವಳಿಯ ಅಕ್ಕಿ ಹೊರಗೆ ಹೋಗಿ ಕುದುರೆಗಳು ಒಳಗೆ ಬರುತ್ತಿದ್ದ ವಿಜಯನಗರ ಕಾಲದಲ್ಲಿ, ‘ಹತ್ತು ಕೇರಿ’ಗಳ ಬಾರಕೂರಿಗೂ ಪಕ್ಕದ ಬಸರೂರಿಗೂ ಇಂತಹ ವರ್ತಕರು ಅನಿವಾರ್ಯರಾಗಿದ್ದರು.

ಕಟ್ಟಡದ ವಿಚಾರದಲ್ಲಿ ಈ ಕರಾವಳಿಯ ಹಳೆಯ ಮಸೀದಿಗಳು ಬಿಜಾಪುರ, ಕಲಬುರಗಿಗಳ ಗುಮ್ಮಟ, ಕಮಾನುಗಳ ಮಾದರಿಯನ್ನು ಅನುಸರಿಸಿದವುಗಳಲ್ಲ. ಮಳೆಗಾಲದ ಧಾರಾಕಾರ ಮಳೆಗೆ ಒಗ್ಗುವಂತೆ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ದಪ್ಪ ಗೋಡೆಗಳನ್ನೆತ್ತಿ, ಮರದ ತೊಲೆ, ಪಕ್ಕಾಸು, ರೀಪುಗಳ ಮೇಲೆ ಕಡಿದಾದ ಇಳಿಜಾರು ಮಾಡನ್ನು ಹೊದಿಸಿ, ಸೂರನ್ನು ಗೋಡೆಯಿಂದ ಸಾಕಷ್ಟು ಹೊರಚಾಚುವುದು ಇಲ್ಲಿನ ಕ್ರಮವಾಗಿತ್ತು. ಒಳಗೆ ಮೆಕ್ಕಾದ ದಿಕ್ಕನ್ನು ಸೂಚಿಸುವ ಮಿಹ್ರಾಬ್ ಎಂಬ ಗೋಡೆಗೂಡು, ಪ್ರವಚನಕ್ಕೆ ಏರುವ ಮೆಟ್ಟಿಲುಗಳ ಮಿಂಬರ್, ಹೊರಗೆ ಕೈಕಾಲು ತೊಳೆಯುವ ಹೌಜು ಎಂಬ ಕೊಳ ಇವು ಧರ್ಮದ ಅಗತ್ಯಗಳು. ಉಳಿದುದೆಲ್ಲ ಊರ ಬಡಗಿಯ ಕೈಚಳಕ. ಮಂಗಳೂರಿನ ಬಂದರು ಪ್ರದೇಶದಲ್ಲಿರುವ ಝೀನತ್ ಬಕ್ಷ್ ಮಸೀದಿಯ ಒಳಭಾಗದಲ್ಲಿ ಇದನ್ನು ಇಂದಿಗೂ ಕಣ್ಣಾರೆ ನೋಡಬಹುದು: ಕಡೆದು ಕೆತ್ತಿದ ಮರದ ಕಂಬಗಳು ನಮಾಜಿನ ಸಾಲುಗಳ ನಡುವೆ ನಿಂತಿವೆ, ಮೇಲೆ ಮರದ ಹಲಗೆಗಳ ಮುಚ್ಚಿಗೆ ಹರಡಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ನವೀಕರಣಗೊಂಡಿತೆಂದು ಹೇಳಲಾಗುವ ಈ ಮಸೀದಿಯ ಮರಗೆಲಸವನ್ನು ಕರಾವಳಿಯ ಗುತ್ತಿನ ಮನೆಗಳ, ಅಂದರೆ ಊರ ಹಿರಿಯ ಭೂಮಾಲೀಕ ಮನೆತನಗಳ ಮನೆಗಳ, ಚಾವಡಿಯೊಡನೆ ಹೋಲಿಸಿದರೆ, ಎರಡೂ ಒಂದೇ ಕಸುಬಿನ ಪರಂಪರೆಗೆ ಸೇರಿದವೆಂಬುದರಲ್ಲಿ ಸಂಶಯವುಳಿಯದು. ಭಟ್ಕಳ, ಮೂಡುಬಿದಿರೆಗಳಲ್ಲಿ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ ದೇವಾಲಯ, ಬಸದಿಗಳೂ ಇದೇ ಮಳೆಯ ವಿವೇಕವನ್ನು ಕಲ್ಲಿಗೆ ಇಳಿಸಿಕೊಂಡಂಥವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹೊದಿಕೆ ಬದಲಾಯಿತೇ ಹೊರತು ಮಾಡಿನ ಆಕಾರ ಬದಲಾಗಲಿಲ್ಲ.

1569ರಲ್ಲಿ ಪೋರ್ಚುಗೀಸರು ಬಸರೂರಿನಲ್ಲಿ ನೆಲೆಯೂರಿದ ಮೇಲೆ ಅರಬ್ಬಿ ವ್ಯಾಪಾರ ಕುಗ್ಗಿತು. ಬಾರಕೂರು ತನ್ನ ಹಿಂದಿನ ವೈಭವವನ್ನು ಮರಳಿ ಪಡೆಯಲಿಲ್ಲ. ಆದರೂ ಗಂಗೊಳ್ಳಿ, ಬೈಂದೂರು ಸೀಮೆಯ ಶಿರೂರು ಮುಂತಾದೆಡೆ ಕಡಲನ್ನೇ ನಂಬಿದ ಮುಸ್ಲಿಂ ಸಮುದಾಯಗಳು ಉಳಿದುಕೊಂಡವು. ಶಿರೂರಿನ ನಾಖುದಾ ಸಮುದಾಯದ ಹೆಸರೇ ಹಡಗಿನ ಒಡೆಯನನ್ನು ಸೂಚಿಸುತ್ತದೆ.

ಕಳೆದ ಕೆಲವು ದಶಕಗಳಲ್ಲಿ ಕರಾವಳಿಯಲ್ಲಿ ಮರದ ಮಾಡುಗಳನ್ನು ಇಳಿಸಿ ಕಾಂಕ್ರೀಟಿನ ಗುಮ್ಮಟ, ಮಿನಾರುಗಳನ್ನು ಎತ್ತುವುದು ಸಾಮಾನ್ಯವಾಗಿದೆ. ಹೆಚ್ಚಿದ ಜನರಿಗೆ ಸ್ಥಳ ಬೇಕೆಂಬುದು ನ್ಯಾಯವೇ. ಆದರೆ ಹಳೆಯ ಕಟ್ಟಡವನ್ನು ಮುಟ್ಟುವ ಮುನ್ನ ಅದರ ಅಳತೆ, ನಕ್ಷೆ, ಛಾಯಾಚಿತ್ರಗಳನ್ನು ದಾಖಲಿಸಿ, ಕೆತ್ತನೆಯ ಕಂಬಗಳನ್ನೂ ಮಿಂಬರುಗಳನ್ನೂ ಬರಹವಿರುವ ಹಲಗೆ, ಕಲ್ಲುಗಳನ್ನೂ ಕಾಪಾಡುವ ಕೆಲಸವನ್ನು ಜಮಾಅತ್ ಸಮಿತಿಗಳು, ಪುರಾತತ್ತ್ವ ಇಲಾಖೆ ಹಾಗೂ ಇಲ್ಲಿನ ಕಾಲೇಜುಗಳ ಇತಿಹಾಸ ವಿಭಾಗಗಳು ಒಟ್ಟಾಗಿ ಈಗಲೇ ಕೈಗೆತ್ತಿಕೊಳ್ಳಬೇಕು.