ಹಾರ್ಟ್‌ಫರ್ಡ್‌ನ ಸಹಭಾಗಿ ಆರೋಗ್ಯ ಸಂಶೋಧನೆ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ರಾಜಧಾನಿ ಹಾರ್ಟ್‌ಫರ್ಡ್ ನಗರದಲ್ಲಿ 1970ರ ದಶಕದಿಂದ ಈಚೆಗೆ ಮಾನವಶಾಸ್ತ್ರಜ್ಞರೂ ಬಡ ಬಡಾವಣೆಗಳ ನಿವಾಸಿಗಳೂ ಜೊತೆಗೂಡಿ ನಡೆಸಿದ ಆರೋಗ್ಯ ಅಧ್ಯಯನಗಳ ಪರಂಪರೆ. ಸ್ಟೀಫನ್ ಶೆನ್ಸುಲ್, ಜೀನ್ ಶೆನ್ಸುಲ್, ಮೆರಿಲ್ ಸಿಂಗರ್, ಮಾರ್ಗರೆಟ್ ವೀಕ್ಸ್ ಇದರ ಪ್ರಮುಖರು. ವಿಶ್ವವಿದ್ಯಾಲಯದ ಸಂಶೋಧಕರು ಬಡಾವಣೆಗೆ ಬಂದು ಮಾಹಿತಿ ಕೊಂಡೊಯ್ಯುವ ರೂಢಿಯನ್ನು ಇಲ್ಲಿ ತಿರುವುಮುರುವು ಮಾಡಲಾಯಿತು: ಸಮುದಾಯದ ಸಂಸ್ಥೆಯೇ ಅನುದಾನ ತಂದು, ಸಂಶೋಧಕರನ್ನು ನೇಮಿಸಿಕೊಂಡು, ಯಾವ ಪ್ರಶ್ನೆಯನ್ನು ಕೇಳಬೇಕೆಂದು ತೀರ್ಮಾನಿಸತೊಡಗಿತು. ಒಂದನ್ನೊಂದು ಉಲ್ಬಣಗೊಳಿಸುವ ಆರೋಗ್ಯ ಸಮಸ್ಯೆಗಳನ್ನು ಒಂದೇ ಹೆಣಿಗೆಯಾಗಿ ಕಾಣುವ, ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ 'ಸಿಂಡೆಮಿಕ್' ಪರಿಕಲ್ಪನೆ ರೂಪುಗೊಂಡದ್ದು ಈ ಕೆಲಸದಿಂದ. ಇದರ ಒಂದು ಕವಲು ಮುಂಬಯಿಯ ಕೊಳೆಗೇರಿಗಳವರೆಗೂ ಚಾಚಿದೆ.

ಹಿನ್ನೆಲೆ

ಜನರ ಬದುಕನ್ನು ನೋಡಿ, ಬರೆದು, ಹೊರಟುಹೋಗುವಷ್ಟಕ್ಕೇ ಮಾನವಶಾಸ್ತ್ರಜ್ಞರ ಕೆಲಸ ಮುಗಿಯುತ್ತದೆಯೇ ಎಂಬ ಪ್ರಶ್ನೆ ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಗಟ್ಟಿಯಾಗಿ ಕೇಳಿಬಂತು. ಶಿಕಾಗೊ ವಿಶ್ವವಿದ್ಯಾಲಯದ ಸೋಲ್ ಟ್ಯಾಕ್ಸ್ 1948ರಲ್ಲಿ ಐಯೊವಾ ರಾಜ್ಯದ ಮೆಸ್ಕ್ವಾಕಿ ಮೂಲನಿವಾಸಿಗಳ ಬಳಿಗೆ ತಮ್ಮ ವಿದ್ಯಾರ್ಥಿಗಳನ್ನು ಕಳುಹಿಸಿದರು. ಸಮುದಾಯ ತಾನೇ ಆರಿಸಿಕೊಂಡ ಗುರಿಗೆ ನೆರವಾಗುತ್ತಲೇ ಅದರಿಂದ ಕಲಿಯುವ ಈ ಕ್ರಮವನ್ನು ಟ್ಯಾಕ್ಸ್ ಕ್ರಿಯಾ ಮಾನವಶಾಸ್ತ್ರ ಎಂದು ಕರೆದರು. ಸುಮಾರು ಅದೇ ಕಾಲಕ್ಕೆ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಕ್ರಿಯಾ ಸಂಶೋಧನೆಯ ವಾದವನ್ನು ಮುಂದಿಟ್ಟರು. ಬ್ರೆಜಿಲ್‌ನ ಪೌಲೊ ಫ್ರೇರಿಯ ಶಿಕ್ಷಣ ಚಿಂತನೆ 1970ರ ನಂತರ ಇಂಗ್ಲಿಷಿಗೆ ಬಂದು ಈ ಧಾರೆಗೆ ಸೇರಿತು.

ಹಳ್ಳಿ, ಮೂಲನಿವಾಸಿ ನೆಲೆಗಳಿಂದ ಈ ವಿಚಾರ ನಗರಕ್ಕೆ ಬರಲು ಕಾರಣವಾದದ್ದು ಕಾನೂನು. 1963ರ ಸಮುದಾಯ ಮಾನಸಿಕ ಆರೋಗ್ಯ ಕಾಯ್ದೆಯಿಂದಾಗಿ ಬಡವರಿರುವ ಬಡಾವಣೆಗಳಲ್ಲೇ ಚಿಕಿತ್ಸಾ ಕೇಂದ್ರಗಳನ್ನು ತೆರೆಯಲು ಕೇಂದ್ರ ಸರ್ಕಾರದ ಹಣ ಹರಿಯಿತು. ಮನೋವೈದ್ಯರಿಗೆ ತಮ್ಮ ಬಳಿಗೆ ಬರುವವರ ಭಾಷೆ, ಕುಟುಂಬ, ನಂಬಿಕೆಗಳ ಪರಿಚಯವಿರಲಿಲ್ಲ. ಅದನ್ನು ತಿಳಿಸಿಕೊಡಲೆಂದು ಕೆಲವು ಕೇಂದ್ರಗಳು ಮಾನವಶಾಸ್ತ್ರಜ್ಞರನ್ನು ಕೆಲಸಕ್ಕೆ ತೆಗೆದುಕೊಂಡವು.

ಶಿಕಾಗೊದ ಪಾಠ

ಸ್ಟೀಫನ್ ಶೆನ್ಸುಲ್ 1960ರ ದಶಕದ ಕೊನೆಯಲ್ಲಿ ಅಂಥ ಒಂದು ಕೇಂದ್ರದ ಪರವಾಗಿ ಶಿಕಾಗೊದ ಪಶ್ಚಿಮ ಭಾಗದ ಮೆಕ್ಸಿಕನ್ ಬಡಾವಣೆಯಲ್ಲಿ ಕೆಲಸ ಆರಂಭಿಸಿದರು. ಸಂಶೋಧನಾ ತಂಡದ ವರದಿಗಳು ಮೊದಮೊದಲು ಕೇಂದ್ರದ ವೈದ್ಯರಿಗಾಗಿ ಸಿದ್ಧವಾಗುತ್ತಿದ್ದವು. ಅವುಗಳಿಂದ ಚಿಕಿತ್ಸೆಯ ಕ್ರಮ ಬದಲಾದದ್ದು ಮಾತ್ರ ಕಡಿಮೆ. ಅದೇ ಹೊತ್ತಿಗೆ ಬಡಾವಣೆಯ ಯುವ ಕಾರ್ಯಕರ್ತರು 'ಎಲ್ ಸೆಂಟ್ರೊ ದೆ ಲಾ ಕೌಸಾ' ಎಂಬ ಸಮುದಾಯ ಕೇಂದ್ರವನ್ನು ಕಟ್ಟುತ್ತಿದ್ದರು. ಅನುದಾನದ ಅರ್ಜಿಗೆ ಅಂಕಿಅಂಶ, ಅಧಿಕಾರಿಗಳ ಮುಂದೆ ವಾದಿಸಲು ಆಧಾರ ಅವರಿಗೆ ಬೇಕಾಗಿದ್ದವು. ತಂಡ ಅತ್ತ ಹೊರಳಿತು. ಸ್ಥಳೀಯ ಯುವಕರಿಗೆ ಮಾನಸಿಕ ಆರೋಗ್ಯದ ಕೆಲಸದಲ್ಲಿ ತರಬೇತಿ ಕೊಡುವ ಯೋಜನೆಗೂ ಸಂಶೋಧನೆ ಬೆನ್ನೆಲುಬಾಯಿತು. ಈ ಅನುಭವವನ್ನು ಶೆನ್ಸುಲ್ 1974ರಲ್ಲಿ 'ಹ್ಯೂಮನ್ ಆರ್ಗನೈಸೇಷನ್' ಪತ್ರಿಕೆಯ ಲೇಖನವೊಂದರಲ್ಲಿ ದಾಖಲಿಸಿದರು. ಸಂಶೋಧನೆಯನ್ನು ಬಳಸಿಕೊಳ್ಳುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು ಎಂಬುದು ಹಾರ್ಟ್‌ಫರ್ಡ್‌ಗೆ ದಾಟಿಬಂದ ಮುಖ್ಯ ಪಾಠ.

ಹಾರ್ಟ್‌ಫರ್ಡ್ ಮತ್ತು ಪೋರ್ಟೊರಿಕನ್ನರು

ಅಮೆರಿಕದ ದೊಡ್ಡ ವಿಮಾ ಕಂಪನಿಗಳ ತವರೂರು ಹಾರ್ಟ್‌ಫರ್ಡ್. ಆದರೂ ನಗರದ ಬಡತನ ತೀವ್ರವಾಗಿತ್ತು. ನಗರದ ಸುತ್ತಲಿನ ಕನೆಕ್ಟಿಕಟ್ ನದೀಕಣಿವೆಯಲ್ಲಿ ತೆಳುಬಟ್ಟೆಯ ಚಪ್ಪರದಡಿ ಬೆಳೆಯುತ್ತಿದ್ದ ತಂಬಾಕು ಸಿಗಾರ್‌ಗಳ ಹೊರಸುತ್ತಿಗೆ ಹೆಸರಾಗಿತ್ತು. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಎಲೆ ಕೊಯ್ಯಲು ಪೋರ್ಟೊರಿಕೊ ದ್ವೀಪದಿಂದ ಕೂಲಿಕಾರರು ಬಂದರು. 1917ರ ಕಾಯ್ದೆಯಿಂದ ಅಮೆರಿಕದ ಪೌರತ್ವ ಸಿಕ್ಕಿದ್ದ ಅವರಿಗೆ ವೀಸಾದ ತೊಡಕು ಇರಲಿಲ್ಲ. ತೊಡಕಾದದ್ದು ಭಾಷೆ ಮತ್ತು ಬಡತನ. ಹೊಲ ಬಿಟ್ಟು ನಗರ ಸೇರಿದವರು ಪಾರ್ಕ್ ಸ್ಟ್ರೀಟ್ ಸುತ್ತ ನೆಲೆಸಿದರು. ಅವರು ಕಾರ್ಖಾನೆ ಕೆಲಸ ಹುಡುಕುವ ಹೊತ್ತಿಗೆ ರಾಯಲ್, ಅಂಡರ್‌ವುಡ್ ಟೈಪ್‌ರೈಟರ್‌ಗಳ ಈ ಊರಿನಲ್ಲಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು.

ಸ್ಪ್ಯಾನಿಷ್ ಬಲ್ಲವರು ಆಗ ಆಸ್ಪತ್ರೆಗಳಲ್ಲಿ ವಿರಳ. ನಿರ್ಜಲೀಕರಣಕ್ಕೆ ಸಕಾಲದಲ್ಲಿ ಚಿಕಿತ್ಸೆ ಸಿಗದೆ ಪೋರ್ಟೊರಿಕನ್ ಹಸುಗೂಸೊಂದು ತೀರಿಕೊಂಡ ಪ್ರಕರಣ 1970ರ ದಶಕದಲ್ಲಿ ಸಮುದಾಯವನ್ನು ಕೆರಳಿಸಿತು. ತಾಯಿಯ ಮಾತು ಆಸ್ಪತ್ರೆಗೂ ಆಸ್ಪತ್ರೆಯ ಮಾತು ತಾಯಿಗೂ ಮುಟ್ಟದಿದ್ದುದೇ ಸಾವಿಗೆ ಕಾರಣ ಎಂದು ಜನ ತಿಳಿದರು. ಪ್ರತಿಭಟನೆಯಿಂದ ಆರಂಭವಾದ ಸಂಘಟನೆ 1978ರಲ್ಲಿ ಹಿಸ್ಪಾನಿಕ್ ಹೆಲ್ತ್ ಕೌನ್ಸಿಲ್ ಎಂಬ ಸಂಸ್ಥೆಯಾಯಿತು. ಮರಿಯಾ ಬೊರೆರೊ ಅದರ ಸ್ಥಾಪಕ ನಿರ್ದೇಶಕಿ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಬಂದಿದ್ದ ಸ್ಟೀಫನ್ ಶೆನ್ಸುಲ್ ಸಂಸ್ಥೆ ಕಟ್ಟುವುದರಲ್ಲಿ ಜೊತೆಯಾದರು.

ಸಮೀಕ್ಷೆ, ಸೇವೆ, ಹಕ್ಕೊತ್ತಾಯ ಮೂರನ್ನೂ ಸಂಸ್ಥೆ ಒಂದೇ ಸೂರಿನಡಿ ಇಟ್ಟುಕೊಂಡಿತು. ಬಡಾವಣೆಯ ಜನರೇ ತರಬೇತಿ ಪಡೆದು ಮನೆಮನೆಗೆ ಹೋಗಿ ಸಂದರ್ಶನ ನಡೆಸಿದರು. ಆರಂಭದ ಅಧ್ಯಯನಗಳಲ್ಲಿ ಮಹಿಳೆಯರ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಒಂದು ವಿಷಯ. ಪೋರ್ಟೊರಿಕೊದಲ್ಲಿ 20ರಿಂದ 49 ವರ್ಷದ ತಾಯಂದಿರಲ್ಲಿ ಸುಮಾರು ಮೂರನೇ ಒಂದು ಭಾಗ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರೆಂದು 1965ರ ಸಮೀಕ್ಷೆ ತೋರಿಸಿತ್ತು; ವಲಸೆ ಬಂದ ಮಹಿಳೆಯರಿಗೆ ಅದರ ಬಗ್ಗೆ ಎಷ್ಟು ತಿಳಿಸಲಾಗಿದೆ ಎಂಬುದು ಹಾರ್ಟ್‌ಫರ್ಡ್‌ನಲ್ಲಿ ನೇರವಾದ ರಾಜಕೀಯ ಪ್ರಶ್ನೆಯಾಗಿತ್ತು. ಗರ್ಭಿಣಿ ಬಾಣಂತಿಯರಿಗೆ ನೆರವಾಗುವ 'ಕೊಮಾದ್ರೊನಾ' ಕಾರ್ಯಕ್ರಮವೂ ಇದೇ ಸಂಸ್ಥೆಯದು. ಸೂಲಗಿತ್ತಿಯರ ಸ್ಪ್ಯಾನಿಷ್ ಹೆಸರನ್ನೇ ಹೊತ್ತ ಈ ಕಾರ್ಯಕ್ರಮದಲ್ಲಿ ಸಮುದಾಯದ ಮಹಿಳೆಯರೇ ಆರೋಗ್ಯ ಕಾರ್ಯಕರ್ತೆಯರು. ಜೀನ್ ಶೆನ್ಸುಲ್ 1987ರಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಕಮ್ಯುನಿಟಿ ರಿಸರ್ಚ್ ಎಂಬ ಮತ್ತೊಂದು ಸ್ವತಂತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಹದಿಹರೆಯದವರಿಗೂ ಗೃಹಿಣಿಯರಿಗೂ ಸಂಶೋಧನಾ ವಿಧಾನಗಳನ್ನು ಕಲಿಸುವುದು ಅದರ ವೈಶಿಷ್ಟ್ಯ.

ಏಡ್ಸ್ ಮತ್ತು ಸೂಜಿಯ ಪ್ರಶ್ನೆ

ಮೆರಿಲ್ ಸಿಂಗರ್ 1980ರ ದಶಕದ ಆರಂಭದಲ್ಲಿ ಹಿಸ್ಪಾನಿಕ್ ಹೆಲ್ತ್ ಕೌನ್ಸಿಲ್ ಸೇರಿ ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿಯೇ ದುಡಿದರು. ಆ ಹೊತ್ತಿಗೆ ಏಡ್ಸ್ ಎಂದರೆ ಸಲಿಂಗಿ ಪುರುಷರ ಕಾಯಿಲೆ ಎಂಬ ಮಾತು ಪತ್ರಿಕೆಗಳಲ್ಲಿ ಹರಡಿತ್ತು. ಹಾರ್ಟ್‌ಫರ್ಡ್‌ನ ಪೋರ್ಟೊರಿಕನ್ನರಲ್ಲಿ ಸೋಂಕು ಹೆಚ್ಚಾಗಿ ಹರಡಿದ್ದು ಮಾದಕವಸ್ತುವಿನ ಚುಚ್ಚುಮದ್ದಿನ ಮೂಲಕ. ಮೇಲೆ ಹೇಳಿದ ಎರಡು ಸಂಶೋಧನಾ ಸಂಸ್ಥೆಗಳೂ ನಗರದ ಇತರ ಸಂಘಟನೆಗಳೂ ಕೂಡಿ 1980ರ ದಶಕದ ಕೊನೆಯಲ್ಲಿ 'ಪ್ರಾಜೆಕ್ಟ್ ಕೋಪ್' ಎಂಬ ಯೋಜನೆಯನ್ನು ಆರಂಭಿಸಿದವು. ಮಾದಕವಸ್ತು ಬಿಟ್ಟವರೂ ಇದರಲ್ಲಿ ಕ್ಷೇತ್ರ ಕಾರ್ಯಕರ್ತರಾಗಿ ಬೀದಿಗಿಳಿದರು.

ಕ್ಷೇತ್ರಕಾರ್ಯದಿಂದ ಬಂದ ತಿಳಿವಳಿಕೆ ಪ್ರಶ್ನಾವಳಿಯಿಂದ ಸಿಗುವಂಥದ್ದಲ್ಲ. ಸೂಜಿ ಹಂಚಿಕೊಳ್ಳುತ್ತೀರಾ ಎಂದು ಕೇಳಿದರೆ ಅನೇಕರು ಇಲ್ಲ ಎನ್ನುತ್ತಿದ್ದರು. ಅದು ನಿಜವೂ ಆಗಿರುತ್ತಿತ್ತು. ಜೊತೆಯಲ್ಲಿ ಕುಳಿತು ನೋಡಿದವರಿಗೆ ಕಂಡದ್ದೇ ಬೇರೆ. ಹಣ ಕೂಡಿಸಿ ಕೊಂಡ ಪುಡಿಯನ್ನು ಒಂದೇ ಬಾಟಲಿ ಮುಚ್ಚಳದಲ್ಲಿ ಕರಗಿಸುತ್ತಾರೆ. ಸೋಸಲು ಒಂದೇ ಹತ್ತಿಯ ತುಣುಕು, ಸಿರಿಂಜ್ ತೊಳೆಯಲು ಒಂದೇ ಲೋಟದ ನೀರು. ಸೂಜಿ ಕೈಬದಲಾಗದಿದ್ದರೂ ರಕ್ತದ ಅಂಶ ಮುಚ್ಚಳ, ಹತ್ತಿ, ನೀರುಗಳ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಡೆನ್ವರ್ ನಗರದಲ್ಲಿ ಮಾನವಶಾಸ್ತ್ರಜ್ಞ ಸ್ಟೀಫನ್ ಕೋಸ್ಟರ್ ಇದನ್ನು ಪರೋಕ್ಷ ಹಂಚಿಕೆ ಎಂದು ಗುರುತಿಸಿ, ಸೂಜಿಗೆ ಬ್ಲೀಚ್ ಹಾಕಿ ತೊಳೆಯಿರಿ ಎಂಬ ಸಲಹೆಯೊಂದೇ ಸಾಲದೆಂದು ತೋರಿಸಿದರು. ಸಿರಿಂಜ್ ಜೇಬಿನಲ್ಲಿದ್ದರೆ ಪೊಲೀಸರು ಹಿಡಿಯುತ್ತಾರೆಂಬ ಭಯದಿಂದಲೇ ಜನ ಸ್ವಂತದ್ದನ್ನು ಇಟ್ಟುಕೊಳ್ಳುವುದಿಲ್ಲ ಎಂಬುದೂ ಕೋಸ್ಟರ್ ಕಂಡ ಸತ್ಯ. ಅಪಾಯದ ಒಂದು ಬೇರು ವ್ಯಸನಿಯ ಅಜ್ಞಾನದಲ್ಲಿದ್ದರೆ ಇನ್ನೊಂದು ಕಾನೂನಿನಲ್ಲಿತ್ತು.

ಕನೆಕ್ಟಿಕಟ್‌ನಲ್ಲಿ ಕಾನೂನು ಬದಲಾಯಿತು. ನ್ಯೂಹೇವನ್ ನಗರದಲ್ಲಿ 1990ರಲ್ಲಿ ಬಳಸಿದ ಸೂಜಿ ಪಡೆದು ಹೊಸದನ್ನು ಕೊಡುವ ಸೂಜಿ ವಿನಿಮಯ ಕೇಂದ್ರ ಆರಂಭವಾಗಿ, ಯೇಲ್ ವಿಶ್ವವಿದ್ಯಾಲಯದ ಮೌಲ್ಯಮಾಪನ ಅದರ ಉಪಯೋಗವನ್ನು ತೋರಿಸಿತು. 1992ರ ಜುಲೈಯಿಂದ ವೈದ್ಯರ ಚೀಟಿಯಿಲ್ಲದೆ ಹತ್ತು ಸಿರಿಂಜ್‌ಗಳವರೆಗೆ ಕೊಳ್ಳುವುದೂ ಇಟ್ಟುಕೊಳ್ಳುವುದೂ ರಾಜ್ಯದಲ್ಲಿ ಅಪರಾಧವಲ್ಲವೆಂದಾಯಿತು. 1995ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಬೀದಿಯಲ್ಲಿ ಸಿರಿಂಜ್ ಕೊಳ್ಳುವವರ ಪ್ರಮಾಣ ಶೇ 74ರಿಂದ ಶೇ 28ಕ್ಕೆ ಇಳಿದು, ಔಷಧದಂಗಡಿಯಲ್ಲಿ ಕೊಳ್ಳುವವರದು ಶೇ 19ರಿಂದ ಶೇ 78ಕ್ಕೆ ಏರಿತು. ಹಾರ್ಟ್‌ಫರ್ಡ್‌ನ ಸೂಜಿ ವಿನಿಮಯ ಕಾರ್ಯಕ್ರಮದ ಮೌಲ್ಯಮಾಪನದಲ್ಲಿ ಹಿಸ್ಪಾನಿಕ್ ಹೆಲ್ತ್ ಕೌನ್ಸಿಲ್ ಪಾಲ್ಗೊಂಡಿತು. ಮುಂದೆ ಸಿಂಗರ್ ತಂಡ ಯೇಲ್ ಸಂಶೋಧಕರೊಂದಿಗೆ ಹಾರ್ಟ್‌ಫರ್ಡ್, ನ್ಯೂಹೇವನ್ ನಗರಗಳನ್ನು ನೆರೆಯ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನೊಂದಿಗೆ ಹೋಲಿಸಿ ನೋಡಿತು. ಸ್ಪ್ರಿಂಗ್‌ಫೀಲ್ಡ್‌ನಲ್ಲೂ ಪೋರ್ಟೊರಿಕನ್ನರ ದೊಡ್ಡ ವಸತಿಯಿದೆ. ಆದರೆ ಚೀಟಿಯಿಲ್ಲದೆ ಸಿರಿಂಜ್ ಮಾರಲು ಮ್ಯಾಸಚೂಸೆಟ್ಸ್ ಒಪ್ಪಿದ್ದು 2006ರಲ್ಲಿ.

ಸಿಂಡೆಮಿಕ್ ಪರಿಕಲ್ಪನೆ

ಬೀದಿಯಲ್ಲಿ ಕೇಳಿಸಿಕೊಂಡ ಜೀವನಕಥೆಗಳಲ್ಲಿ ಮಾದಕವಸ್ತು, ಹಿಂಸೆ, ಏಡ್ಸ್ ಮೂರೂ ಬಿಡಿಬಿಡಿಯಾಗಿ ಬರುತ್ತಿರಲಿಲ್ಲ. ಬಾಲ್ಯದಲ್ಲಿ ಹೊಡೆತ ತಿಂದವಳು ನೋವು ಮರೆಯಲು ಹೆರಾಯಿನ್ ಹಿಡಿಯುತ್ತಾಳೆ. ಅದಕ್ಕೆ ಹಣ ಹೊಂದಿಸಲು ಲೈಂಗಿಕ ವೃತ್ತಿಗೆ ಇಳಿಯುತ್ತಾಳೆ. ಅಲ್ಲಿ ಸೋಂಕೂ ತಗಲುತ್ತದೆ, ಹೊಸ ಹೊಡೆತವೂ ಬೀಳುತ್ತದೆ. ಆರೋಗ್ಯ ಇಲಾಖೆಗಳಿಗೆ ಇವು ಮೂರು ಪ್ರತ್ಯೇಕ ಕಡತಗಳು. ಮೂರೂ ಒಂದನ್ನೊಂದು ಉಲ್ಬಣಗೊಳಿಸುವ ಒಂದೇ ಹೆಣಿಗೆ ಎಂದು ಸಿಂಗರ್ 1996ರ ಪ್ರಬಂಧದಲ್ಲಿ ವಾದಿಸಿ, ಅದಕ್ಕೆ ಮಾದಕವಸ್ತು ದುರ್ಬಳಕೆ, ಹಿಂಸೆ, ಏಡ್ಸ್‌ಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ 'ಸಾವಾ' ಸಿಂಡೆಮಿಕ್ ಎಂದು ಹೆಸರಿಟ್ಟರು. ರೋಗಗಳು ಒಟ್ಟಿಗಿರುವುದಷ್ಟರಿಂದಲೇ ಸಿಂಡೆಮಿಕ್ ಆಗುವುದಿಲ್ಲ. ಅವುಗಳ ನಡುವೆ ಪರಸ್ಪರ ಪ್ರಭಾವ ಇರಬೇಕು. ಅವನ್ನು ಒಂದೆಡೆ ತಂದು ಗುಡ್ಡೆ ಹಾಕಿದ ಸಾಮಾಜಿಕ ಕಾರಣಗಳು, ಅಂದರೆ ನಿರುದ್ಯೋಗ, ಹದಗೆಟ್ಟ ವಸತಿ, ಜನಾಂಗಭೇದ ಮೊದಲಾದವು, ವಿವರಣೆಯ ಒಳಗೇ ಬರಬೇಕು.

ಸಿಂಗರ್ ಅವರು ಸ್ಕಾಟ್ ಕ್ಲೇರ್ ಜೊತೆ 2003ರಲ್ಲಿ ಬರೆದ ಲೇಖನ, 2009ರ ಪಠ್ಯಪುಸ್ತಕ ಇವುಗಳ ಮೂಲಕ ಪರಿಕಲ್ಪನೆ ಹರಡಿತು. ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' 2017ರಲ್ಲಿ ಈ ಕುರಿತು ಲೇಖನಮಾಲೆಯನ್ನೇ ಪ್ರಕಟಿಸಿತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅದರ ಸಂಪಾದಕ ರಿಚರ್ಡ್ ಹಾರ್ಟನ್ ಕೋವಿಡ್ಡನ್ನು ಸಿಂಡೆಮಿಕ್ ಎಂದೇ ನೋಡಬೇಕೆಂದು ಬರೆದರು. ಮಾನವಶಾಸ್ತ್ರಜ್ಞೆ ಎಮಿಲಿ ಮೆಂಡೆನ್‌ಹಾಲ್ ಶಿಕಾಗೊದ ಮೆಕ್ಸಿಕನ್ ಮಹಿಳೆಯರಲ್ಲಿ ಸಕ್ಕರೆ ಕಾಯಿಲೆ, ಖಿನ್ನತೆ, ಹಿಂಸೆಗಳ ಸಂಬಂಧವನ್ನು ಅಧ್ಯಯನ ಮಾಡಿ, ನಂತರ ದೆಹಲಿ, ನೈರೋಬಿ, ಸೊವೆಟೊಗಳಿಗೂ ವಿಚಾರಣೆಯನ್ನು ವಿಸ್ತರಿಸಿದರು.

ಮುಂಬಯಿ ಮತ್ತು ಕರ್ನಾಟಕ

ಸ್ಟೀಫನ್ ಶೆನ್ಸುಲ್ ಭಾರತೀಯ ಸಹೋದ್ಯೋಗಿಗಳೊಂದಿಗೆ 2001ರಲ್ಲಿ ಮುಂಬಯಿಯ ಮೂರು ಕೊಳೆಗೇರಿಗಳಲ್ಲಿ 'ರಿಶ್ತಾ' ಯೋಜನೆ ಆರಂಭಿಸಿದರು. ಏಡ್ಸ್ ತಡೆ ಅದರ ಉದ್ದೇಶ. ಮಾತಿಗೆ ಕುಳಿತಾಗ ಪುರುಷರು ಹೇಳಿಕೊಂಡದ್ದು ಎಚ್‌ಐವಿ ಬಗ್ಗೆ ಅಲ್ಲ. ಗುಪ್ತರೋಗ, ಧಾತುನಷ್ಟ, ನಿಶ್ಶಕ್ತಿಯ ಬಗ್ಗೆ. ಅದಕ್ಕಾಗಿ ಅವರು ಹೋಗುತ್ತಿದ್ದುದು ಸರ್ಕಾರಿ ಆಸ್ಪತ್ರೆಗಲ್ಲ, ಓಣಿಯ ಆಯುರ್ವೇದ, ಯುನಾನಿ, ಹೋಮಿಯೋಪತಿ ವೈದ್ಯರ ಬಳಿಗೆ. ಯೋಜನೆ ಆ ಆತಂಕವನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ ಅದನ್ನೇ ಹೆಬ್ಬಾಗಿಲು ಮಾಡಿಕೊಂಡಿತು. ರೋಗಿಯ ಕಥೆಯನ್ನು ಪೂರ್ತಿ ಕೇಳಿ, ಕುಡಿತ, ದಾಂಪತ್ಯ, ಲೈಂಗಿಕ ನಡವಳಿಕೆಗಳ ಮಾತಿಗೆ ಹೊರಳುವ ಕ್ರಮದಲ್ಲಿ ಆ ವೈದ್ಯರಿಗೇ ತರಬೇತಿ ಕೊಡಲಾಯಿತು. ನಂತರದ ಅಧ್ಯಯನಗಳು ಮಹಿಳೆಯರ 'ಸಫೇದ್ ಪಾನಿ'ಯನ್ನು, ನಮ್ಮಲ್ಲಿ ಬಿಳಿಸೆರಗು ಎನ್ನುವ ತೊಂದರೆಯನ್ನು, ಕೈಗೆತ್ತಿಕೊಂಡವು. ಸೋಂಕು ಇಲ್ಲದವರಲ್ಲೂ ಈ ದೂರು ಸಾಮಾನ್ಯ. ಗಂಡನ ಕುಡಿತ, ಹೊಡೆತ, ಮನಸ್ಸಿನ ಬೇಗೆಗಳೊಂದಿಗೆ ಅದು ತಳಕು ಹಾಕಿಕೊಂಡಿತ್ತು.

ಕರ್ನಾಟಕದಲ್ಲಿ ಹಾರ್ಟ್‌ಫರ್ಡ್‌ನ ನೇರ ಶಾಖೆ ಬೆಳೆಯಲಿಲ್ಲ. ಆದರೆ ಅದೇ ಜಾಡಿನ ಕೆಲಸಗಳು ನಡೆದಿವೆ. ಮೈಸೂರಿನ ಆಶೋದಯ ಸಮಿತಿ 2005ರಲ್ಲಿ ರೂಪುಗೊಂಡ ಲೈಂಗಿಕ ಕಾರ್ಯಕರ್ತರದೇ ಸಂಘಟನೆ. ಎಚ್‌ಐವಿ ತಡೆಯ ಜೊತೆಗೆ ಸಂಶೋಧನೆಯಲ್ಲೂ ಸಹಭಾಗಿ. ಮುಖಾಮುಖಿ ಸಂದರ್ಶನದಲ್ಲಿ ಜನ ಮರ್ಯಾದೆಗಂಜಿ ಉತ್ತರ ತಿದ್ದುತ್ತಾರೆಂಬ ಸಮಸ್ಯೆಗೆ ರಾಜ್ಯದಲ್ಲಿ ಮತಗಟ್ಟೆ ಸಮೀಕ್ಷೆ ಎಂಬ ವಿಧಾನವನ್ನು ಬಳಸಲಾಯಿತು: ಒಟ್ಟಿಗೆ ಕುಳಿತವರಿಗೆ ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತಾರೆ, ಪ್ರತಿಯೊಬ್ಬರೂ ಮರೆಯಲ್ಲಿ ಹೆಸರಿಲ್ಲದ ಚೀಟಿಯನ್ನು ಪೆಟ್ಟಿಗೆಗೆ ಹಾಕುತ್ತಾರೆ. ಹೇಳಿಕೊಳ್ಳಲು ಮುಜುಗರವಾಗುವ ನಡವಳಿಕೆಗಳು ಸಂದರ್ಶನಕ್ಕಿಂತ ಇದರಲ್ಲಿ ಹೆಚ್ಚಾಗಿ ವರದಿಯಾದವು.

ವಿಮರ್ಶೆ

ಸಿಂಡೆಮಿಕ್ ಎಂದು ಹೆಸರಿಸಿಕೊಂಡ ಬಹುಪಾಲು ಅಧ್ಯಯನಗಳು ಸಮಸ್ಯೆಗಳ ಸಂಖ್ಯೆಯನ್ನು ಕೂಡಿಸಿದವೇ ಹೊರತು ಅವುಗಳ ಪರಸ್ಪರ ಪ್ರಭಾವವನ್ನು ಪರೀಕ್ಷಿಸಲಿಲ್ಲ ಎಂದು ಸಂಶೋಧಕ ಅಲೆಕ್ಸಾಂಡರ್ ತ್ಸೈ ಮತ್ತು ಅವರ ಸಹೋದ್ಯೋಗಿಗಳು ಟೀಕಿಸಿದ್ದಾರೆ. ಸಮುದಾಯ ಎಂಬುದು ಒಂದೇ ದನಿಯಲ್ಲಿ ಮಾತಾಡುವುದಿಲ್ಲ ಎಂಬುದು ಇನ್ನೊಂದು ತೊಡಕು. ಹಾರ್ಟ್‌ಫರ್ಡ್‌ಗೆ ಹತ್ತಿರದ ವಿಲಿಮ್ಯಾಂಟಿಕ್ ಪಟ್ಟಣದಲ್ಲಿ ಸೂಜಿ ವಿನಿಮಯ ಕೇಂದ್ರ ಸ್ಥಳೀಯರ ವಿರೋಧದಿಂದಲೇ 1997ರಲ್ಲಿ ಮುಚ್ಚಿತು. ಎಲ್ಲೆಂದರಲ್ಲಿ ಬಿದ್ದ ಸಿರಿಂಜ್‌ಗಳಿಗೆ ಕೇಂದ್ರವೇ ಕಾರಣವೆಂದು ದೂರಲಾಗಿತ್ತು. ಮುಚ್ಚಿದ ಮೇಲೂ ಅವು ಕಡಿಮೆಯಾಗಲಿಲ್ಲ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಬ್ರಾಡ್‌ಹೆಡ್ ತಂಡ ದಾಖಲಿಸಿದೆ. ಬೀದಿಯಲ್ಲಿ ಚುಚ್ಚಿಕೊಳ್ಳುವವನೂ ಆ ಬೀದಿಯಲ್ಲಿ ಮಕ್ಕಳನ್ನು ಆಡಲು ಬಿಡುವ ತಾಯಿಯೂ ಒಂದೇ ಸಮುದಾಯದವರಾದಾಗ ಸಂಶೋಧಕ ಯಾರ ಪರ ಎಂಬುದು ಸುಲಭದ ಪ್ರಶ್ನೆಯಲ್ಲ.

ಹಣದ ಪ್ರಶ್ನೆ ಇದಕ್ಕಿಂತ ಬಿಗಿಯಾದದ್ದು. ಏಡ್ಸ್ ವರ್ಷಗಳಲ್ಲಿ ಅನುದಾನ ಬಂದದ್ದು ಬಹುಮಟ್ಟಿಗೆ ಕೇಂದ್ರ ಸರ್ಕಾರದ ಮಾದಕವಸ್ತು ಸಂಶೋಧನಾ ಸಂಸ್ಥೆಯಿಂದ. ವಸತಿ, ಕೂಲಿ, ಜನಾಂಗಭೇದಗಳೇ ರೋಗದ ಮೂಲವೆಂದು ಸಂಶೋಧನೆ ತೋರಿಸಿದರೂ ಹಣ ಮಂಜೂರಾಗುತ್ತಿದ್ದುದು ವ್ಯಕ್ತಿಯ ನಡವಳಿಕೆ ತಿದ್ದುವ ಯೋಜನೆಗಳಿಗೆ. ಸಿಂಗರ್ 1994ರಲ್ಲಿ ಸಮುದಾಯ ಕೇಂದ್ರಿತ ಮಾನವಶಾಸ್ತ್ರದ ಕುರಿತು ಬರೆಯುವಾಗ ಸಂಶೋಧಕ ಸಮುದಾಯದ ಸಂಸ್ಥೆಯ ಆಡಳಿತಕ್ಕೆ ಒಳಪಟ್ಟಿರಬೇಕೆಂದು ವಾದಿಸಿದರು. ಹಾರ್ಟ್‌ಫರ್ಡ್‌ನ ಅನುಭವ ಆ ವಾದದ ಸತ್ವವನ್ನೂ ಮಿತಿಯನ್ನೂ ತೋರಿಸುತ್ತದೆ: ಪ್ರಶ್ನೆಯನ್ನು ರೂಪಿಸುವ ಹಕ್ಕು ಬಡಾವಣೆಗೆ ದಕ್ಕಿತು, ಯಾವ ಪ್ರಶ್ನೆಗೆ ಹಣ ಸಿಗಬೇಕೆಂಬ ತೀರ್ಮಾನ ಹೆಚ್ಚಿನಂಶ ವಾಷಿಂಗ್ಟನ್‌ನಲ್ಲೇ ಉಳಿಯಿತು.